ಠಕಾರದ ಹೊಟ್ಟೆ ಉದುರಿದ ಕತೆ

ತಗಡಿನಲ್ಲಿ ಅಕ್ಷರಗಳನ್ನು ಆರಪಾರ ಕೊರೆಸಿ, ಹಿಂದೆ ಬಲ್ಬು ಹಾಕಿ, ಮನೆಯ ಮುಂದೆ ಹೆಸರು ಬೆಳಗಿಸುವ ಚಾಳಿ ನಮ್ಮ ಕಡೆ ಹಳ್ಳಿಗೂ ಬಂದಿದೆ. ನೆಂಟರೊಬ್ಬರ ಹೊಸಮನೆಗೆ ‘ಹಿರೇಮಠ’ ಎಂದು ಫಲಕ ಮಾಡಿಸಿಕೊಡುವ ಹೊಣೆ ನಾನು ಹೊತ್ತಿದ್ದೆ. ಚೆಂದದ ಅಕ್ಷರದಲ್ಲಿ ಟೈಪು ಮಾಡಿ, ಪೆನ್‌ಡ್ರೈವಿಗೆ ಹಾಕಿ, ಯಂತ್ರದವನ ಕೈಗಿಟ್ಟು, ಚಹಾ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಉಳಿದ ಅಕ್ಷರಗಳನ್ನು ಹೇಗೋ ಓದಬಹುದಿತ್ತು. ‘ಠ’ ಇರಬೇಕಾದ ಜಾಗದಲ್ಲಿ ಮಾತ್ರ ರೂಪಾಯಿಯಗಲದ ದುಂಡನೆ ತೂತು. ಠಕಾರದ ಹೊಟ್ಟೆ ತನ್ನ ಚುಕ್ಕಿಯ ಸಮೇತ ಕೆಳಗೆ ಉದುರಿ, ಕಸದ ತಗಡುಗಳ ನಡುವೆ ಬಿದ್ದಿತ್ತು.

ತಪ್ಪು ಯಂತ್ರದ್ದಲ್ಲ. ಸುತ್ತಲೂ ಕೊರೆದ ಮೇಲೆ ಒಳಗಿನ ತಗಡು ಯಾವುದನ್ನು ಹಿಡಿದುಕೊಂಡು ನಿಲ್ಲಬೇಕು? ಕೊರೆಯುವ ಮೊದಲೇ ಹೊಟ್ಟೆಗೂ ಹೊರಗಿನ ತಗಡಿಗೂ ನಡುವೆ ಎರಡು ಸಣ್ಣ ಸೇತುವೆ ಬಿಡಬೇಕಿತ್ತು. ಕಾಗದದ ಮೇಲೆ ಠ ಬರೆಯುವಾಗ ಯಾರಿಗೂ ಈ ಚಿಂತೆಯಿಲ್ಲ. ಹೊರದೇಶದ ಹುಡುಗರು ಇಂಟರ್ನೆಟ್ಟಿನಲ್ಲಿ ನಮ್ಮ ಠವನ್ನೇ ಜೋಡಿಸಿ ದುರುಗುಟ್ಟುವ ಕಣ್ಣು ಮಾಡಿಕೊಂಡಿದ್ದಾರೆ. ಅವತ್ತು ನನ್ನನ್ನು ನೋಡಿದ್ದು ಒಂದೇ ಕಣ್ಣು, ಅದೂ ಕುರುಡು.

ಚಿತ್ರ ಬೇರೆ, ಚಿತ್ರವನ್ನು ಕೊರೆಯುವ ದಾರಿ ಬೇರೆ ಎಂಬುದು ನನಗೆ ತಿಳಿದದ್ದು ಹೀಗೆ. ಕಂಪ್ಯೂಟರಿನಲ್ಲಿ ಬಿಡಿಸಿದ ನಕ್ಷೆ ‘ಇಲ್ಲಿ ಗೆರೆಯಿದೆ’ ಎನ್ನುತ್ತದೆ, ಅಷ್ಟೆ. ಕೊರೆಯುವ ಮೊನೆ, ಅಂಗಡಿಯವರ ಬಾಯಲ್ಲಿ ‘ಬಿಟ್ಟು’, ಎಲ್ಲಿ ಇಳಿಯಬೇಕು, ಗೆರೆಯ ಒಳಗಿನಿಂದಲೋ ಹೊರಗಿನಿಂದಲೋ, ಎಷ್ಟು ಆಳ, ಎಷ್ಟು ವೇಗ, ಮೊದಲು ಯಾವುದು, ಇದನ್ನೆಲ್ಲ ಯಾರಾದರೂ ಕೂತು ತೀರ್ಮಾನಿಸಬೇಕು. ಆ ತೀರ್ಮಾನಗಳ ಸರಮಾಲೆಗೆ ಅಂಗಡಿಯವರು ‘ಟೂಲ್‌ಪಾತ್’ ಎನ್ನುತ್ತಾರೆ, ಯಂತ್ರಕ್ಕೆ ತಿಳಿಯುವ ಅದರ ಬರಹಕ್ಕೆ ‘ಜಿ ಕೋಡ್’ ಎನ್ನುತ್ತಾರೆ.

ನಮ್ಮ ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ ಈ ಕಸುಬು ಕಾಲೂರಿದ್ದು ಬಾಗಿಲುಗಳ ಬೆನ್ನು ಹತ್ತಿ ಎಂದು ನನ್ನ ಲೆಕ್ಕ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತಿತು, ಎಡದಂಡೆ ಕಾಲುವೆ ಬಂತು, ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಭತ್ತದ ಹಿಂದೆ ರೈಸ್‌ಮಿಲ್ಲು, ಟ್ರ್ಯಾಕ್ಟರು, ಆರ್‌ಸಿಸಿ ಮನೆ. ಮನೆ ಕಟ್ಟಿದವರು ಗೋಡೆಯಲ್ಲಿ ಜಿಪುಣತನ ಮಾಡಿಯಾರು, ತಲಬಾಗಿಲಲ್ಲಿ ಮಾಡರು. ಮೊದಲು ಬಡಿಗೇರರು ತಿಂಗಳುಗಟ್ಟಲೆ ಕೂತು ಉಳಿ ಹಿಡಿದು ಕೆತ್ತುತ್ತಿದ್ದ ಬಳ್ಳಿ, ನವಿಲು, ಗಜಲಕ್ಷ್ಮಿ ಈಗ ಕಂಪ್ಯೂಟರಿನ ಅಪ್ಪಣೆಯಂತೆ ಕೊರೆಯುವ ಸಿಎನ್‌ಸಿ ರೂಟರಿನ ಕೆಳಗೆ ಒಂದೆರಡು ದಿನದಲ್ಲಿ ಎದ್ದು ಬರುತ್ತವೆ.

ಅಂಥದೊಂದು ಅಂಗಡಿಯಲ್ಲಿ ಒಂದು ಇಡೀ ದಿನ ಕೂತು ನೋಡಿದೆ. ಎರಡು ಮಂಚದಷ್ಟು ದೊಡ್ಡ ಮೇಜು, ಅದರ ಮೇಲೆ ಅಡ್ಡ ಹಾಯುವ ತೊಲೆ, ತೊಲೆಗೆ ಜೋತ ಮೋಟಾರು, ಮೋಟಾರಿನ ಬಾಯಲ್ಲಿ ಪೆನ್ಸಿಲಿನಂಥ ಬಿಟ್ಟು. ಯಂತ್ರಕ್ಕಿಂತ ಹೆಚ್ಚು ಹೊತ್ತು ನಾನು ನೋಡಿದ್ದು ಮೂಲೆಯ ಕಂಪ್ಯೂಟರನ್ನು. ಅದರಲ್ಲಿದ್ದದ್ದು ಆರ್ಟ್‌ಕ್ಯಾಮ್ ಎಂಬ ಕೆತ್ತನೆಯ ತಂತ್ರಾಂಶ. ಅದನ್ನು ಕೊಂಡಿದ್ದ ಆಟೊಡೆಸ್ಕ್ ಕಂಪನಿ 2018ರಲ್ಲೇ ಮಾರಾಟ ನಿಲ್ಲಿಸಿದರೂ ಮರದ ಕೆಲಸದವರ ನಡುವೆ ಅದಿನ್ನೂ ಓಡುತ್ತಿದೆ. ಗಿರಾಕಿ ಮೊಬೈಲಿನಲ್ಲಿ ಒಂದು ಬಾಗಿಲ ಫೋಟೊ ತೋರಿಸಿ, “ಇದs ಬೇಕು ತಮ್ಮಾ, ನಾಳಿ ಸಂಜಿಗೆ” ಎಂದರು.

“ಫೋಟೊ ಇದ್ರ ಏನ್ ಬಂತ್ರೀ ಕಾಕಾ, ಆಳ ಎಲ್ಲೈತಿ ಅದ್ರಾಗ?” ಎಂದ ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗ.

ಮಾತು ಸಣ್ಣದು, ಕಸುಬೆಲ್ಲ ಅದರಲ್ಲೇ ಇದೆ. ನವಿಲಿನ ಎದೆ ಎಷ್ಟು ಉಬ್ಬಬೇಕು, ಗರಿ ಎಷ್ಟು ತಗ್ಗಬೇಕು ಎಂಬುದು ಫೋಟೊದಲ್ಲಿಲ್ಲ. ಅವನು ಹತ್ತಿರದ ಒಂದು ಸಿದ್ಧ ಡಿಸೈನು ಹುಡುಕಿ, ಅಗಲ ಹಿಗ್ಗಿಸಿ, ಉಬ್ಬು ಇಳಿಸಿದ. ಆಮೇಲೆ ಲೆಕ್ಕ ಶುರು. ಹಲಗೆ 1,500 ಮಿ.ಮೀ. ಉದ್ದ, 600 ಅಗಲ. ಗದ್ದೆಯಲ್ಲಿ ಸಾಲು ಹೊಡೆದ ಹಾಗೆ ಬಿಟ್ಟು ಉದ್ದಕ್ಕೆ ಹೋಗಿ, ತುಸು ಸರಿದು, ತಿರುಗಿ ಬರಬೇಕು. ಆ ಸರಿಯುವಿಕೆಗೆ ‘ಸ್ಟೆಪ್‌ಓವರ್’ ಎಂದು ಹೆಸರು. ಅರ್ಧ ಮಿ.ಮೀ. ಇಟ್ಟರೆ 1,200 ಸಾಲು, ಒಟ್ಟು 1,800 ಮೀಟರ್ ನಡಿಗೆ; ನಿಮಿಷಕ್ಕೆ 3 ಮೀಟರಿನಂತೆ ಹತ್ತು ತಾಸು. ಒಂದು ಮಿ.ಮೀ. ಇಟ್ಟರೆ ಐದೇ ತಾಸು, ಆದರೆ ಸಾಲುಗಳು ಬೆರಳಿಗೆ ತಾಕುತ್ತವೆ, ಉಳಿಸಿದ ಹೊತ್ತೆಲ್ಲ ಉಪ್ಪುಕಾಗದ ಉಜ್ಜುವುದಕ್ಕೆ ಹೋಗುತ್ತದೆ. ಹತ್ತು ತಾಸಿನ ನಡುವೆ ಕರೆಂಟು ಹೋದರೆ? ನಿಂತ ಜಾಗವನ್ನು ನೆನಪಿಟ್ಟುಕೊಳ್ಳುವ ಕೈಪೆಟ್ಟಿಗೆಯೊಂದು ಯಂತ್ರಕ್ಕೆ ತೂಗುಬಿದ್ದಿತ್ತು. ಆದರೂ ಹುಡುಗ ಹಾಳೆಯೊಂದರಲ್ಲಿ ಅಂಕಿಗಳನ್ನು ಬರೆದಿಟ್ಟುಕೊಂಡ. ನಮ್ಮ ಕಡೆಯ ಕರೆಂಟು ಗೊತ್ತಿದ್ದವನು.

ಕೊನೆಗೆ ಹೊರಬಿದ್ದ ಫೈಲನ್ನು ತೆರೆದು ತೋರಿಸಿದ. ಸಾವಿರಾರು ಸಾಲು, ಎಲ್ಲವೂ ಮೊಟಕು. ‘ಜಿ21’ ಎಂದರೆ ಅಳತೆಗಳೆಲ್ಲ ಮಿ.ಮೀ.ನಲ್ಲಿ. ‘ಎಂ03’ ಎಂದರೆ ಮೋಟಾರು ತಿರುಗಲಿ. ‘ಜಿ00’ ಗಾಳಿಯಲ್ಲಿ ಓಟ, ‘ಜಿ01’ ನೆಟ್ಟಗೆ ಕೊರೆಯುತ್ತ ನಡಿಗೆ, ‘ಜಿ02’, ‘ಜಿ03’ ಬಳಸು ದಾರಿ, ಒಂದು ಬಲಸುತ್ತು, ಇನ್ನೊಂದು ಎಡಸುತ್ತು. ಮುಗಿಯಿತು ಎನ್ನಲು ‘ಎಂ30’. ಚೌಕಟ್ಟಿನ ಅಂಚು ನಕ್ಷೆಯಲ್ಲಿ 50ರಲ್ಲಿದ್ದರೆ ಕೋಡಿನಲ್ಲಿ 47 ಎಂದಿತ್ತು. ತಪ್ಪಲ್ಲವೇ ಎಂದೆ. ಬಿಟ್ಟು 6 ಮಿ.ಮೀ. ದಪ್ಪ, ಅದರ ನಡುಭಾಗ ಗೆರೆಯಿಂದ 3 ಮಿ.ಮೀ. ಆಚೆ ನಡೆದರೆ ಮಾತ್ರ ಅಂಚು ಗೆರೆಯ ಮೇಲೆ ಬೀಳುತ್ತದೆ. ಬದುವಿನ ಮೇಲೆ ನಡೆಯುವವನಿಗೂ ಬದುವಿನ ಪಕ್ಕ ನೇಗಿಲು ಹೊಡೆಯುವವನಿಗೂ ಇರುವ ಅಂತರ ಇದು.

ಇನ್ನೊಂದು ತೊಡಕು: ಒಂದು ಯಂತ್ರದ ಜಿ ಕೋಡ್ ಇನ್ನೊಂದಕ್ಕೆ ಪೂರ್ತಿ ತಿಳಿಯುವುದಿಲ್ಲ. ಭಾಷೆ ಒಂದೇ, ಆಡುವ ರೀತಿ ಬೇರೆ, ರಾಯಚೂರ ಕನ್ನಡ ಮಂಗಳೂರಲ್ಲಿ ಆಡಿದ ಹಾಗೆ. ಆಯಾ ಯಂತ್ರದ ಮಾತಿಗೆ ತಿರುಗಿಸಿಕೊಡುವ ‘ಪೋಸ್ಟ್ ಪ್ರೊಸೆಸರ್’ ಆರಿಸುವಾಗ ತಪ್ಪಿದರೆ ಬಿಟ್ಟು ಹಲಗೆ ದಾಟಿ ಮೇಜನ್ನೇ ಕೊರೆಯಬಹುದು. ಆ ಮೇಜಿನ ಮೇಲಿದ್ದ ಗಾಯಗಳನ್ನು ನಾನು ಎಣಿಸಲಿಲ್ಲ.

ಅಂಕಿಯಿಂದ ಆಕಾರ ಕಡೆಯುವ ಈ ಯೋಚನೆ ಹುಟ್ಟಿದ್ದು ಹೆಲಿಕಾಪ್ಟರಿನ ರೆಕ್ಕೆಯಿಂದ. ಅಮೆರಿಕದ ಜಾನ್ ಪಾರ್ಸನ್ಸ್ ರೆಕ್ಕೆಯ ಬಾಗನ್ನು ಬಿಂದುಗಳಾಗಿ ಒಡೆದು ಲೆಕ್ಕ ಹಾಕಿಸಿದ. ಆಗ ಯಂತ್ರ ನಡೆಸುತ್ತಿದ್ದುದು ಮನುಷ್ಯರೇ: ಒಬ್ಬ ಅಂಕಿ ಕೂಗುವುದು, ಇಬ್ಬರು ಒಂದೊಂದು ಹಿಡಿ ತಿರುಗಿಸುವುದು. ಅಲ್ಲಿನ ಎಂಐಟಿ ವಿದ್ಯಾಸಂಸ್ಥೆಯವರು 1952ರಲ್ಲಿ ತೂತಿನ ಪಟ್ಟಿಯಿಂದ ನಡೆಯುವ ಯಂತ್ರ ತೋರಿಸಿ ಕೂಗುವವನನ್ನು ಮನೆಗೆ ಕಳಿಸಿದರು. 1959ರಲ್ಲಿ ಎಪಿಟಿ ಎಂಬ ಭಾಷೆಯನ್ನು ಹೊರತಂದಾಗ ಅದರಿಂದಲೇ ಕಡೆದ ಬೂದಿಬಟ್ಟಲುಗಳನ್ನು ಪತ್ರಕರ್ತರಿಗೆ ಹಂಚಿದರಂತೆ. ಆ ಕಾಲಕ್ಕೆ ತಕ್ಕ ಉಡುಗೊರೆ.

ಅಂಗಡಿಯಲ್ಲಿ ಕಣ್ಣಂದಾಜಿನಿಂದ ಕಲಿಯುವ ಈ ವಿದ್ಯೆಯನ್ನು ಕ್ರಮವಾಗಿ ಕಲಿಯಬೇಕೆನ್ನುವವರು ಲಿಂಗಸುಗೂರಿಗೆ ಹೋಗಬಹುದು. ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಎಲ್ಲರ ಬಾಯಲ್ಲಿ ಜಿಟಿಟಿಸಿ, 1972ರಲ್ಲಿ ಡೆನ್ಮಾರ್ಕ್ ಸರಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದದ್ದು. ಅದರ ಕೇಂದ್ರವೊಂದು ಲಿಂಗಸುಗೂರಿನಲ್ಲಿದೆ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ: ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ಕೆಲಸ. ಮರ ತಪ್ಪನ್ನು ಕ್ಷಮಿಸುತ್ತದೆ, ಒಂದೆರಡು ಕೂದಲೆಳೆ ಆಚೀಚೆಯಾದರೂ ಪಾಲಿಷ್ ಮುಚ್ಚುತ್ತದೆ. ಅಚ್ಚಿನ ಉಕ್ಕು ಹಾಗಲ್ಲ. ಅಲ್ಲಿ ಮಾತು ಮಿಲಿಮೀಟರಿನ ನೂರನೇ ಪಾಲಿನಲ್ಲಿ. ನಮ್ಮ ಜಿಲ್ಲೆಯ ತಂದೆತಾಯಿಗಳು ಮಕ್ಕಳನ್ನು ದೂರದೂರಿನ ಪಿಯು ವಿಜ್ಞಾನಕ್ಕೆ ಸಾಲ ಮಾಡಿ ಕಳಿಸುವ ಮೊದಲು ಇದೊಂದನ್ನು ಹೋಗಿ ನೋಡಿ ಬರಲಿ ಎಂದು ನನ್ನ ಆಸೆ.

ಏಕೆಂದರೆ ಇಲ್ಲಿ ಕೆಲಸವಿಲ್ಲದೆ ಇಲ್ಲ. ಹಳೆಯ ರೈಸ್‌ಮಿಲ್ಲಿನ ಹಲ್ಲುಚಕ್ರ ಸುಗ್ಗಿಯಲ್ಲಿ ಮುರಿದರೆ ಅದರ ನಕ್ಷೆ ಯಾರ ಹತ್ತಿರವೂ ಇರುವುದಿಲ್ಲ. ಮುರಿದ ತುಂಡೇ ನಕ್ಷೆ. ವರ್ನಿಯರ್ ಹಿಡಿದು ಅಳೆದು, ಸವೆದ ಹಲ್ಲು ಹೊಸದಾಗಿದ್ದಾಗ ಎಷ್ಟಿತ್ತು ಎಂದು ಊಹಿಸಿ, ಬಿಡಿಸಿ, ಕೋಡ್ ಮಾಡಬೇಕು. ಕೆಸರುಗದ್ದೆಯ ಕೇಜ್ ವೀಲಿಗೆ ಪಟ್ಟಿ ಕತ್ತರಿಸುವ ಪ್ಲಾಸ್ಮಾ ಯಂತ್ರಕ್ಕೂ ಇದೇ ಅನ್ನ.

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲೇ ಮಸ್ಕಿ. ಬಂಡೆಯ ಮೇಲಿನ ಅಶೋಕನ ಶಾಸನವನ್ನು 1915ರಲ್ಲಿ ಕಂಡವನು ಪುರಾತತ್ವದವನಲ್ಲ, ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರು. ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂದು ಹೆಸರು ಹಿಡಿದು ಮೊದಲು ಹೇಳಿದ ಬಂಡೆ ಇದು. ಇಷ್ಟನ್ನು ಶಾಲೆಯ ಪುಸ್ತಕವೂ ಹೇಳುತ್ತದೆ. ನನಗೆ ಈಗ ಬೇರೆಯದೇ ಕಾಣುತ್ತದೆ. ಬ್ರಾಹ್ಮೀ ಅಕ್ಷರಗಳನ್ನು ಬಂಡೆಗೆ ಇಳಿಸಿದವನು ಎಷ್ಟು ದಪ್ಪದ ಚಾಣ ಹಿಡಿದ? ಒರಟು ಕಲ್ಲಿನಲ್ಲಿ ಚಕ್ಕೆ ಏಳದಂತೆ ಯಾವ ಕಡೆಯಿಂದ ಹೊಡೆದ? ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿರುವ ಅಶೋಕನದೇ ಶಾಸನದಲ್ಲಿ ಬರೆದವನ ಹೆಸರು ಚಪಡ ಎಂದು ಉಳಿದಿದೆ. ನಮ್ಮ ಕನ್ನಡ ಶಾಸನಗಳಲ್ಲೂ ಬರೆದವನದೊಂದು, ಕಂಡರಿಸಿದವನದೊಂದು ಎಂದು ಹೆಸರು ಬೇರೆಬೇರೆಯಾಗಿ ಸಿಗುವುದುಂಟು. ಬರೆಯುವುದೂ ಕಂಡರಿಸುವುದೂ ಒಂದೇ ಕೆಲಸವಲ್ಲ ಎಂದು ಅವರಿಗೆ ಗೊತ್ತಿತ್ತು. ಹಿರೇಮಠದ ಫಲಕ ಮಾಡಿಸಲು ಹೋದ ನನಗೆ ಗೊತ್ತಿರಲಿಲ್ಲ.

ಆ ಫಲಕವನ್ನು ಆಮೇಲೆ ಮರದಲ್ಲಿ ಮಾಡಿಸಿದೆ, ನವಿಲಿನ ಬಾಗಿಲು ಕೊರೆದ ಅಂಗಡಿಯಲ್ಲೇ. ಹುಡುಗ ಮೊದಲು ಅಕ್ಷರಗಳನ್ನು ದೊಡ್ಡದು ಮಾಡಿ ನೋಡಿದ. ಹಳೆಯ ಫಾಂಟು, ಹಿಕಾರದ ಗುಡಿಸು, ರೇಕಾರದ ಏತ್ವ ಬೇರೆಬೇರೆ ತುಂಡುಗಳಾಗಿ ಒಂದರ ಮೇಲೊಂದು ಕೂತಿದ್ದವು. ಹಾಗೇ ಬಿಟ್ಟರೆ ಬಿಟ್ಟು ಎರಡೂ ಗೆರೆ ಹಿಡಿದು ಅಕ್ಷರದ ಮೈಯೊಳಗೇ ಹಾಯುತ್ತಿತ್ತು. ಎಲ್ಲವನ್ನೂ ಬೆಸೆದು ಒಂದೇ ಹೊರಗೆರೆ ಮಾಡಿದ. ಬಿಟ್ಟಿನ ಕೆಳಗೆ ಬಸ್ ಟಿಕೆಟಿನ ಚೂರೊಂದನ್ನಿಟ್ಟು, ಅದು ಮಿಸುಕದಷ್ಟು ಬಿಗಿಯಾಗುವತನಕ ಇಳಿಸಿ, ‘ಜೀರೋ’ ಒತ್ತಿದ. ಸಾಗವಾನಿಯ ವಾಸನೆ ಎದ್ದಿತು.

ಅಕ್ಷರಗಳು ಉಬ್ಬಾಗಿ ಬಂದವು, ಠದ ಹೊಟ್ಟೆಯಲ್ಲಿ ಚುಕ್ಕಿಯೂ ಇತ್ತು. ಆದರೆ ಸುತ್ತಲಿನ ಚೌಕಟ್ಟಿನ ಒಳಮೂಲೆಗಳು ನಾಲ್ಕೂ ದುಂಡು. ದುಂಡನೆ ಬಿಟ್ಟು ಚೂಪು ಮೂಲೆ ಕೊರೆಯಲಾರದು. ಹುಡುಗ ಹೊರಗೆ ನೋಡಿ, “ಕಾಕಾ, ಒಂದೀಟ್ ಬರ್ರಿ” ಎಂದು ಕೂಗಿದ. ಬಾಗಿಲಿಗೆ ಚೌಕಟ್ಟು ಕೂಡಿಸುತ್ತಿದ್ದ ಮುದಿ ಬಡಿಗೇರರು ಎದ್ದು ಬಂದು, ಮೂಲೆಗೊಂದು ಉಳಿಯಿಟ್ಟು, ಕೊಡತಿಯಿಂದ ಮೆಲ್ಲಗೆ ಎರಡೆರಡು ಪೆಟ್ಟು ಹಾಕಿದರು.