ಕಳ್ಳ ಈಗ ಅನುಮತಿ ಕೇಳಬೇಕು

ಮೊಳಕಾಲ್ಮುರಿನ ಮಗ್ಗದ ಮಜೂರಿ, ಚಳ್ಳಕೆರೆ ಮಂಡಿಯ ಶೇಂಗಾ ದುಡ್ಡು ಫೋನಿಗೇ ಬಂದು ಬೀಳುವುದು ಈಗ ಹೊಸತೇನಲ್ಲ. ಆ ಫೋನುಗಳಲ್ಲಿ ಹೆಚ್ಚಿನವು ಆಂಡ್ರಾಯ್ಡ್. ಅದರ ತಳದಲ್ಲಿರುವುದು ಲಿನಕ್ಸ್ ಕರ್ನಲ್, ಅಂದರೆ ಯಾವ ಆಪ್‌ಗೆ ಯಂತ್ರದ ಏನು ಸಿಗಬೇಕೆಂದು ತೀರ್ಮಾನಿಸುವ ಮೂಲ ತಂತ್ರಾಂಶ. ಲಿನಕ್ಸ್‌ನಲ್ಲಿ 'ಪ್ರೊಕ್' ಎಂಬ ಕಡತಕೋಶವಿದೆ. ಓಡುತ್ತಿರುವ ಪ್ರತಿ ಪ್ರೋಗ್ರಾಮಿಗೂ ಅಲ್ಲಿ ಒಂದು ಸಂಖ್ಯೆ, ಆ ಸಂಖ್ಯೆಯ ಹೆಸರಿನ ಒಂದು ಕೋಶ, ಅದರೊಳಗೆ ಪ್ರೋಗ್ರಾಮಿನ ಹೆಸರು, ಬಳಸಿದ ಮೆಮೊರಿಯ ಲೆಕ್ಕ. ಬಹುಕಾಲ ಇದನ್ನು ಯಾವ ಪ್ರೋಗ್ರಾಂ ಬೇಕಾದರೂ ಓದಬಹುದಿತ್ತು. ನಿರುಪದ್ರವಿ ಮಾಹಿತಿಯೆಂದೇ ಎಲ್ಲರ ಎಣಿಕೆ. ಆದರೆ ಮೆಮೊರಿ ಲೆಕ್ಕದ ಏರಿಳಿತವೊಂದರಿಂದಲೇ ಬಳಕೆದಾರ ಯಾವ ವೆಬ್ ಪುಟ ತೆರೆದಿದ್ದಾನೆಂದು ಊಹಿಸಬಹುದೆಂಬುದನ್ನು ಸುಮನ್ ಜನಾ ಮತ್ತು ವಿಟಾಲಿ ಶ್ಮಾಟಿಕೋವ್ 2012ರಲ್ಲಿ ತೋರಿಸಿದರು.

ಅದೇ 2012ರಲ್ಲಿ ಬಂದ ಲಿನಕ್ಸ್ 3.3ರಲ್ಲಿ 'ಹೈಡ್‌ಪಿಡ್' ಎಂಬ ಆಯ್ಕೆ ಸೇರಿತು. ಬೆಲೆ 0 ಇದ್ದರೆ ಹಳೆಯಂತೆ ಎಲ್ಲ ಬಯಲು. 1 ಇದ್ದರೆ ಬೇರೆಯವರ ಕೋಶ ಕಾಣುತ್ತದೆ, ಒಳಗಿನದು ಓದಲಾಗದು. 2 ಇದ್ದರೆ ಕೋಶವೇ ಕಾಣದು. ಇಷ್ಟೇ ಬದಲಾವಣೆ. ಇದರ ಮಹತ್ವ ಗೊತ್ತಾಗಿದ್ದು ಫೋನಿನಲ್ಲಿ. ಬ್ಯಾಂಕ್ ಆಪ್ ತೆರೆದ ಕ್ಷಣವೇ ಅದರ ಮೇಲೆ ಅದರಂತೆಯೇ ಕಾಣುವ ನಕಲಿ ಪರದೆ ಹೊದಿಸಿ ಪಾಸ್‌ವರ್ಡ್ ಕದಿಯುವ ಕುತಂತ್ರಾಂಶಕ್ಕೆ, ಮುಂದಿರುವ ಆಪ್ ಯಾವುದೆಂದು ತಿಳಿಯಲೇಬೇಕು. 2014ರ ಆಂಡ್ರಾಯ್ಡ್ 5 ಅದನ್ನು ತಿಳಿಯುವ ನೇರ ದಾರಿ ಮುಚ್ಚಿದಾಗ ಕುತಂತ್ರಾಂಶ ಪ್ರೊಕ್‌ನತ್ತ ಹೊರಳಿತು. 2016ರ ಆಗಸ್ಟ್‌ನಲ್ಲಿ ಆಂಡ್ರಾಯ್ಡ್ 7 ಬಂದಾಗ ಹೈಡ್‌ಪಿಡ್ 2 ಆಯಿತು, ಆ ಕಿಂಡಿಯೂ ಮುಚ್ಚಿತು. ಬ್ಯಾಂಕ್‌ಗಳ ಯುಪಿಐ ಆಪ್‌ಗಳು ಜನರ ಕೈಗೆ ಬರತೊಡಗಿದ್ದೂ ಅದೇ ತಿಂಗಳು.

ಇದರಿಂದ ಒಳ್ಳೆಯ ಆಪ್‌ಗಳೂ ಕೆಟ್ಟುಹೋದವು ಎಂಬ ಆಕ್ಷೇಪವಿದೆ. ನಿಜ, ಬೇರೆ ಆಪ್‌ಗಳ ಮೇಲೆ ಕಣ್ಣಿಡುವ ಕೆಲವು ಸಾಧನಗಳು ಕುರುಡಾದವು. ಆದರೆ ನಂಬಿಕೆಯ ಪ್ರೋಗ್ರಾಮುಗಳ ಒಂದು ಗುಂಪಿಗೆ ವಿನಾಯಿತಿ ಕೊಡುವ ಅವಕಾಶವನ್ನು ಆ ಆಯ್ಕೆಯಲ್ಲೇ ಇಟ್ಟಿದ್ದಾರೆ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ: ಕಳ್ಳರು ಅಕ್ಸೆಸಿಬಿಲಿಟಿ ಸೇವೆಯನ್ನು ಹಿಡಿದರಲ್ಲ, ಪ್ರಯೋಜನವೇನು? ದೃಷ್ಟಿದೋಷ ಇರುವವರಿಗೆ ಪರದೆ ಓದಿ ಹೇಳಲೆಂದು ಇರುವ ಸೇವೆ ಅದು. ಅದು ಕೈಗೆ ಸಿಕ್ಕರೆ ಪ್ರೊಕ್‌ಗಿಂತ ಹೆಚ್ಚೇ ಕಾಣುತ್ತದೆ. ಆದರೂ ಪ್ರಯೋಜನ ಇಲ್ಲೇ ಇದೆ ಎನ್ನುತ್ತೇನೆ. ಪ್ರೊಕ್ ಓದಲು ಯಾರ ಅಪ್ಪಣೆಯೂ ಬೇಕಿರಲಿಲ್ಲ, ಫೋನಿನ ಒಡೆಯನಿಗೆ ಸುಳಿವೂ ಸಿಗುತ್ತಿರಲಿಲ್ಲ. ಅಕ್ಸೆಸಿಬಿಲಿಟಿಯನ್ನು ಒಡೆಯನೇ ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಬೇಕು. ಸದ್ದಿಲ್ಲದೆ ನುಗ್ಗುತ್ತಿದ್ದವನು ಬಾಗಿಲು ತಟ್ಟಬೇಕಾಯಿತು, ಬೇಡ ಎನ್ನುವ ಅವಕಾಶ ನಮಗೆ ಸಿಕ್ಕಿತು. ಫೋನ್ ಮಾಡಿ ಓಟಿಪಿ ಕೇಳುವವನನ್ನು ಯಾವ ಕರ್ನಲ್ಲೂ ತಡೆಯದು ಎಂಬುದೂ ಸರಿ. ಆದರೆ ಅವನಿಗೂ ನಮ್ಮ ಒಪ್ಪಿಗೆ ಬೇಕೇ ಬೇಕು.

ಹಾಗಾಗಿ ಕರ್ನಲ್ ತನ್ನ ಪಾಲಿನ ಕೆಲಸ ಮಾಡಿದ ಮೇಲೆ ಉಳಿಯುವುದು, ಕೇಳಿದ ಅನುಮತಿ ಏನೆಂದು ಜನರಿಗೆ ಅರ್ಥವಾಗಿಸುವುದು. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದೆ, ಅಲ್ಲಿ ಶಾಲಾ ಶಿಕ್ಷಕರಿಗೆ ವಿಜ್ಞಾನ ತರಬೇತಿ ನಡೆಯುತ್ತದೆ. ಆ ತರಬೇತಿಯಲ್ಲಿ ಇದಕ್ಕೂ ಒಂದು ತಾಸು ಸಿಗಲಿ; ಶಿಕ್ಷಕರಿಂದ ಮಕ್ಕಳಿಗೆ, ಮಕ್ಕಳಿಂದ ಮನೆಯ ಹಿರಿಯರಿಗೆ ಅದು ತಲುಪುತ್ತದೆ. ಅದಕ್ಕೆ ಮೊದಲು ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಕ್ಸೆಸಿಬಿಲಿಟಿ ತೆರೆದು ನೋಡಿ. ನಿಮಗೆ ಬೇಕಿಲ್ಲದ, ಗುರುತಿಲ್ಲದ ಆಪ್ ಅಲ್ಲಿ ಆನ್ ಆಗಿದ್ದರೆ ಈಗಲೇ ಆಫ್ ಮಾಡಿ, ಆಪ್ ತೆಗೆದುಹಾಕಿ. ಆಂಡ್ರಾಯ್ಡ್ 6 ಅಥವಾ ಅದಕ್ಕಿಂತ ಹಳೆಯ ಫೋನಾಗಿದ್ದರೆ ಅದರಲ್ಲಿ ಬ್ಯಾಂಕ್ ವ್ಯವಹಾರ ಬೇಡ.