ನಭೋನೌಕೆಯೊಳಗೊಂದು ಸಂಸಾರ

ವಿಜ್ಞಾನದ ಕಥೆಯೆಂದೊಡನೆ ಯಂತ್ರಗಳೂ ಗ್ರಹಯುದ್ಧಗಳೂ ನಮ್ಮ ಕಣ್ಣಿಗೆ ಕಟ್ಟುತ್ತವೆ. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರು ಈ ಪ್ರಕಾರಕ್ಕಾಗಿ ಬಹಳ ದುಡಿದರು. ಆದರೂ ಉಪಾಧ್ಯಾಯ ಬಂಧುಗಳಲ್ಲಿ ಅನೇಕರು ಇದನ್ನು ಹುಡುಗರ ಹೊತ್ತುಗಳೆಯುವ ಸಾಮಗ್ರಿಯೆಂದೇ ಬಗೆದಿರುವರು. ಯಂತ್ರಕ್ಕಿಂತ ಮನುಷ್ಯಸ್ವಭಾವವನ್ನೇ ಮುಂದಿಡುವ ಶಾಖೆಯೊಂದು ಇದರಲ್ಲಿ ಬೆಳೆದಿದೆಯೆಂಬುದು ಅವರ ಗಮನಕ್ಕೆ ಬಂದಂತಿಲ್ಲ. ರಕ್ತಸಂಬಂಧವಿಲ್ಲದವರು ಒಂದು ನೌಕೆಯಲ್ಲಿ ಕೂಡಿ ದುಡಿಯುತ್ತ ಒಂದು ಸಂಸಾರವಾಗುವ ಬಗೆಯೇ ಅದರ ವಸ್ತು.

ಅಮೆರಿಕದ ಬೆಕಿ ಚೇಂಬರ್ಸ್ ಎಂಬ ಲೇಖಕಿ ಸಾರ್ವಜನಿಕರಿಂದ ಹಣ ಕೂಡಿಸಿ 2014ರಲ್ಲಿ ತಾವೇ ಪ್ರಕಟಿಸಿದ ‘ದಿ ಲಾಂಗ್ ವೇ ಟು ಎ ಸ್ಮಾಲ್, ಆ್ಯಂಗ್ರಿ ಪ್ಲಾನೆಟ್’ ಇದಕ್ಕೆ ಒಳ್ಳೆಯ ನಿದರ್ಶನ. 2019ರಲ್ಲಿ ಈ ಮಾಲೆಗೆ ಹ್ಯೂಗೋ ಪ್ರಶಸ್ತಿ ಬಂದಿತು. ‘ವೇಫೇರರ್’ ನೌಕೆಯವರ ವೃತ್ತಿ ಆಕಾಶದಲ್ಲಿ ಸುರಂಗ ಕೊರೆದು ದಾರಿ ಮಾಡುವುದು. ನಮ್ಮ ಮಾತಿನಲ್ಲಿ ರಸ್ತೆ ಕಂತ್ರಾಟು! ತನ್ನ ಕುಲ ಅಳಿವಿನಂಚಿಗೆ ಬಂದಿರುವ ವೈದ್ಯನೇ ಅಲ್ಲಿ ಅಡುಗೆಯವನೂ ಹೌದು. ತಂದೆಯ ದುಷ್ಕೃತ್ಯದಿಂದ ನಾಚಿ ಹೆಸರು ಬದಲಿಸಿಕೊಂಡು ಬಂದ ಗುಮಾಸ್ತೆ ರೋಸ್‌ಮೆರಿ. ಗರಿಯುಳ್ಳ, ಹಲ್ಲಿಯನ್ನು ಹೋಲುವ ಚಾಲಕಿ ಸಿಸಿಕ್ಸ್. ಇವಳ ಜನರಿಗೆ ಕುಟುಂಬಗಳು ಮೂರು: ಮೊಟ್ಟೆಯೊಡೆದು ಹುಟ್ಟಿದ್ದು ಒಂದು, ಪ್ರಾಯದಲ್ಲಿ ತಾವೇ ಆಯ್ದುಕೊಂಡದ್ದು ಒಂದು, ಮುಪ್ಪಿನಲ್ಲಿ ನೆಲೆನಿಂತು ಮರಿಗಳನ್ನು ಸಾಕುವುದು ಇನ್ನೊಂದು.

ಇದು ಪರಕೀಯವೆನ್ನುವವರು ನಮ್ಮ ಸೀಮೆಯನ್ನೇ ನೋಡಬಹುದು. 1882ರವರೆಗೆ ಅನಂತಪುರವು ಬಳ್ಳಾರಿ ಜಿಲ್ಲೆಗೆ ಸೇರಿತ್ತಷ್ಟೆ. ಆ ಬಳ್ಳಾರಿ, ಕರ್ನೂಲು ಪ್ರಾಂತದ ರೆಡ್ಡಿ ಮನೆತನಗಳಲ್ಲಿ ಇಲ್ಲಟಂ ಪದ್ಧತಿಯಿತ್ತು. ಅಳಿಯನನ್ನು ಮನೆಗೆ ತಂದುಕೊಂಡು, ಅವನ ದುಡಿಮೆಗೆ ಪ್ರತಿಯಾಗಿ ಮಗನಿಗೆ ಸಲ್ಲುವ ಪಾಲನ್ನು ಕೊಡುತ್ತಿದ್ದರು. ದುಡಿಮೆಯೇ ಅಲ್ಲಿ ಪುತ್ರತ್ವವನ್ನು ಕೊಟ್ಟಿತು. ಹಳಗನ್ನಡದ ಜೋಳವಾಳಿಯೂ ಉಂಡ ಅನ್ನದಿಂದ ಹುಟ್ಟಿದ ಬಾಂಧವ್ಯವೇ. ಪಂಪನ ಕರ್ಣನು ಹೆತ್ತವಳಾರೆಂದು ತಿಳಿದಮೇಲೂ ದುರ್ಯೋಧನನನ್ನು ಬಿಡಲಿಲ್ಲ. ಆದರೆ ಅದು ಒಡೆಯ-ಆಳುಗಳ ಸಂಬಂಧ, ಪ್ರಾಣ ತೆತ್ತು ತೀರಿಸಬೇಕಾದ ಋಣ. ವೇಫೇರರ್‌ನ ಊಟದ ಮೇಜಿನಲ್ಲಿ ಋಣದ ಲೆಕ್ಕವಿಲ್ಲ. ಈ ಭೇದವನ್ನು ಮರೆಯಲಾಗದು.

ಕಾದಂಬರಿಯ ಅತ್ಯಂತ ಬೆಲೆಯುಳ್ಳ ಪ್ರಸಂಗ ಕಾರ್ಬಿನ್ ಎಂಬವನದು. ಸಿಡುಕು ಸ್ವಭಾವದ ಈತನಿಗೂ ಸಿಸಿಕ್ಸಳಿಗೂ ಬದ್ಧದ್ವೇಷ. ಅವನ ಜನ್ಮವೇ ಕಾನೂನುಬಾಹಿರವೆಂದು ತಿಳಿದು ಅಧಿಕಾರಿಗಳು ಸೆರೆಹಿಡಿಯುತ್ತಾರೆ. ಬಿಡುಗಡೆಯಾಗಬೇಕಾದರೆ ಒಬ್ಬರು ಪೋಷಕರಾಗಿ ನಿಲ್ಲಬೇಕು. ಸಿಸಿಕ್ಸ್ ನಿಲ್ಲುತ್ತಾಳೆ, ಪ್ರೀತಿ ಉಕ್ಕಿಬಂದಲ್ಲ, ಗೊಣಗುತ್ತಲೇ. ಹಿಂದೂಪುರ, ಕಲ್ಯಾಣದುರ್ಗಗಳ ಕಡೆ ಮಳೆ ಕೈಕೊಟ್ಟ ವರ್ಷ ತಂದೆತಾಯಿಗಳು ಬೆಂಗಳೂರಿಗೆ ಕೂಲಿಗೆ ಹೊರಡುತ್ತಾರೆ. ಮಕ್ಕಳು ಹಾಸ್ಟೆಲಿನಲ್ಲೋ ಅಜ್ಜಿಯ ಬಳಿಯೋ ಉಳಿಯುತ್ತಾರೆ. ದಾಖಲೆ ಪುಸ್ತಕದ ‘ಪೋಷಕರು’ ಎಂಬ ಕಲಮಿನಲ್ಲಿ ಯಾರ ಹೆಸರು ಹೇಳಬೇಕೆಂದು ತಿಳಿಯದೆ ತಡವರಿಸುವ ಮಗುವನ್ನು ನಾವೆಲ್ಲರೂ ಕಂಡವರೇ. ಕನ್ನಡ, ತೆಲುಗು, ಉರ್ದು ಮನೆಮಾತಿನವರು ಒಂದೇ ಹಾಸ್ಟೆಲಿನಲ್ಲಿ ತಟ್ಟೆ ಹಿಡಿದು ಸಾಲುನಿಲ್ಲುವ ಈ ಮಕ್ಕಳಿಗೆ ಕಾರ್ಬಿನ್ನನ ಕಥೆಯನ್ನು ಎಂಟನೆಯ ತರಗತಿಯಿಂದಲೇ ಬಾಯಿಮಾತಿನಲ್ಲಿ ಹೇಳಬಹುದೆಂಬುದು ನಮ್ಮ ಅಭಿಪ್ರಾಯ.

ಗ್ರಂಥದಲ್ಲಿ ದೋಷವಿಲ್ಲವೆಂದಲ್ಲ. ಬಹುತೇಕ ಪಾತ್ರಗಳು ಅತಿ ಸಜ್ಜನರು. ಜಗಳಗಳು ಬೇಗ ಆರುತ್ತವೆ. ಆದರೆ ಕೊನೆಯ ಭಾಗ ಹಾಗಿಲ್ಲ. ನೌಕೆಯ ಯಂತ್ರಬುದ್ಧಿಯಾದ ‘ಲವಿ’ಯನ್ನೂ ಅವರು ಮನೆಯವಳೆಂದೇ ಎಣಿಸಿದ್ದರು. ನೌಕೆಯ ಮೇಲಾದ ದಾಳಿಯ ಪರಿಣಾಮವಾಗಿ ಅದಕ್ಕೆ ಪೂರ್ವಸ್ಮೃತಿ ಅಳಿಯುತ್ತದೆ. ಅದೇ ಯಂತ್ರ, ಅದೇ ಧ್ವನಿ. ಆದರೆ ಯಾರ ಗುರುತೂ ಇಲ್ಲ. ತನ್ನ ಇರುವಿಕೆಯೇ ಇವರಿಗೆ ನೋವೆಂದು ತಿಳಿದು, ಅದು ನೌಕೆಯನ್ನು ಬಿಟ್ಟು ಹೊರಡುತ್ತದೆ.