ಚಂದ್ರನಿಂದ ಗೋಡೆ ಕಂಡವರಾರು?

ಬಾಹ್ಯಾಕಾಶಕ್ಕೆ ಯಾರಾದರೂ ಹೋಗಿಬಂದ ಸುದ್ದಿ ಬಂತೆಂದರೆ ಸಾಕು, ಅದರ ಬೆನ್ನಿಗೇ ಒಂದು ಹಳೆಯ ಮಾತು ಎದ್ದು ಕೂರುತ್ತದೆ: ಚಂದ್ರನ ಮೇಲೆ ನಿಂತು ನೋಡಿದರೆ ಭೂಮಿಯಲ್ಲಿ ಮನುಷ್ಯ ಕಟ್ಟಿದ್ದು ಅಂತ ಕಾಣುವುದು ಒಂದೇ, ಅದು ಚೀನಾದ ಮಹಾಗೋಡೆ. ಸಾಮಾನ್ಯ ಜ್ಞಾನದ ಪುಸ್ತಕಗಳು ಇದನ್ನು ಪ್ರಶ್ನೋತ್ತರ ಮಾಡಿ ಅಚ್ಚು ಹಾಕಿವೆ, ಕ್ವಿಜ್ ನಡೆಸುವವರು ಅಂಕ ಕೊಟ್ಟಿದ್ದಾರೆ, ವಾಟ್ಸಾಪ್ ಬಳಗಗಳು ಬೆಳಗಿನ ಶುಭೋದಯದ ಜೊತೆಗೆ ಹಂಚಿವೆ. ಮಾತು ಸುಳ್ಳು. ಸುಳ್ಳೆಂದು ಹೇಳಿದವರಲ್ಲಿ ಚಂದ್ರನ ಮೇಲೆ ನಡೆದಾಡಿದವರಿದ್ದಾರೆ, ಚೀನಾದ ಮೊದಲ ಗಗನಯಾತ್ರಿಯೂ ಇದ್ದಾರೆ. ಆದರೂ ಅದಕ್ಕೆ ಸಾವಿಲ್ಲ. ಏಕೆಂದರೆ ಸಿಕ್ಕಿಬಿದ್ದಾಗಲೆಲ್ಲ ಅದು ತನ್ನ ಷರತ್ತನ್ನು ಒಂದಿಷ್ಟು ಸಡಿಲಿಸಿಕೊಂಡು ಜಾರಿಕೊಳ್ಳುತ್ತದೆ. ಚಂದ್ರನಿಂದ ಕಾಣುವುದಿಲ್ಲವೆಂದರೆ ಬಾಹ್ಯಾಕಾಶದಿಂದ ಕಾಣುತ್ತದಲ್ಲ ಅನ್ನುತ್ತದೆ. ಅಲ್ಲಿಂದಲೂ ಇಲ್ಲವೆಂದರೆ ಕ್ಯಾಮೆರಾಕ್ಕೆ ಕಾಣುತ್ತದೆ ಅನ್ನುತ್ತದೆ. ಹಿಂದೆ ಹಿಂದೆ ಸರಿಯುತ್ತಲೇ ಗೆದ್ದವರ ಹಾಗೆ ಮುಖ ಮಾಡುವ ಈ ನಂಬಿಕೆಯನ್ನು ಅದು ಹೋದ ದಾರಿಯಲ್ಲೇ ಬೆನ್ನಟ್ಟುವುದು ವಾಸಿ.

ಮೊದಲು ಅದರ ವಯಸ್ಸನ್ನು ವಿಚಾರಿಸೋಣ. ಸ್ಟೋನ್‌ಹೆಂಜ್ ಕುರಿತು ಬರೆದು ಹೆಸರಾದ ವಿಲಿಯಂ ಸ್ಟ್ಯೂಕ್ಲಿ ಎಂಬ ಇಂಗ್ಲೆಂಡಿನ ವಿದ್ವಾಂಸ 1754ರಲ್ಲಿ ಒಂದು ಕಾಗದ ಬರೆದ. ಬ್ರಿಟನ್ನಿನ ಹೇಡ್ರಿಯನ್ ಗೋಡೆಯನ್ನು ಹೊಗಳುತ್ತ, ಇದನ್ನು ಮೀರಿಸಿದ್ದು ಚೀನಾದ ಗೋಡೆಯೊಂದೇ, ಅದಾದರೋ ಚಂದ್ರನಿಂದಲೂ ಗುರುತು ಸಿಕ್ಕೀತು ಎಂಬ ಅರ್ಥದ ಮಾತು ಅದರಲ್ಲಿತ್ತು. ಮನುಷ್ಯ ಬಲೂನು ಏರಿ ಮೊದಲ ಬಾರಿಗೆ ನೆಲ ಬಿಟ್ಟಿದ್ದು 1783ರಲ್ಲಿ. ಅಂದರೆ ಪ್ಯಾರಿಸ್ಸಿನ ಮಾಳಿಗೆಗಳು ಮೇಲಿನಿಂದ ಹೇಗೆ ಕಾಣುತ್ತವೆಂದು ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಚಂದ್ರನಿಂದ ಏನು ಕಾಣುತ್ತದೆಂಬುದು ತೀರ್ಮಾನವಾಗಿತ್ತು! 1895ರ ಹೊತ್ತಿಗೆ ಹೆನ್ರಿ ನಾರ್ಮನ್ ಎಂಬ ಬ್ರಿಟಿಷ್ ಪತ್ರಕರ್ತ ದೂರಪ್ರಾಚ್ಯದ ಬಗ್ಗೆ ಬರೆದ ಪುಸ್ತಕದಲ್ಲಿ, ಈ ಗೋಡೆಗೆ ಅಂಥದ್ದೊಂದು ಖ್ಯಾತಿಯಿದೆ ಎಂದ. ತಾನು ಲೆಕ್ಕ ಹಾಕಿದೆ ಎನ್ನಲಿಲ್ಲ, ಖ್ಯಾತಿಯಿದೆ ಎಂದ ಅಷ್ಟೆ. 1932ರಲ್ಲಿ ಅಮೆರಿಕದ ರಿಪ್ಲಿಯ ‘ನಂಬಿದರೆ ನಂಬಿ’ ವ್ಯಂಗ್ಯಚಿತ್ರ ಮಾಲೆಗೆ ಇದು ಸೇರಿತು, 1938ರಲ್ಲಿ ರಿಚರ್ಡ್ ಹ್ಯಾಲಿಬರ್ಟನ್ ಮಕ್ಕಳಿಗಾಗಿ ಬರೆದ ಅದ್ಭುತಗಳ ಪುಸ್ತಕಕ್ಕೂ ಸೇರಿತು. ಗಗಾರಿನ್ ಬಾಹ್ಯಾಕಾಶಕ್ಕೆ ಹಾರಿದ್ದು 1961ರಲ್ಲಿ. ಕಣ್ಣಾರೆ ನೋಡಬಲ್ಲ ಮೊದಲ ಸಾಕ್ಷಿ ಹುಟ್ಟುವ ಮೊದಲೇ ತೀರ್ಪು ಹಲವು ತಲೆಮಾರು ದಾಟಿ ಹಳತಾಗಿತ್ತು.

ಇಂಥ ಮಾತು ಆ ಕಾಲದವರಿಗೆ ಅಸಂಬದ್ಧವೆನಿಸದಿದ್ದುದಕ್ಕೆ ಕಾರಣವೂ ಇದ್ದಿರಬೇಕು. 1877ರಲ್ಲಿ ಇಟಲಿಯ ಖಗೋಳಜ್ಞ ಶಿಯಾಪರೆಲ್ಲಿ ಮಂಗಳ ಗ್ರಹದ ಮೇಲೆ ಗೆರೆಗಳನ್ನು ಕಂಡು ನಕ್ಷೆ ಬರೆದ. ಅವು ಬುದ್ಧಿವಂತ ಜೀವಿಗಳು ತೋಡಿದ ಕಾಲುವೆಗಳೆಂದು ಅಮೆರಿಕದ ಪರ್ಸಿವಲ್ ಲೊವೆಲ್ ವರ್ಷಗಟ್ಟಲೆ ವಾದಿಸಿದ. ಮಂಗಳದವರ ಕಾಲುವೆ ನಮಗೆ ಕಾಣುವುದಾದರೆ ನಮ್ಮವರ ಗೋಡೆ ಅವರಿಗೆ ಕಾಣಬಾರದೇಕೆ? ಆ ಕಾಲುವೆಗಳು ಕಣ್ಣು ಮಾಡಿದ ಮೋಸವೆಂದು ಆಮೇಲೆ ಗೊತ್ತಾಯಿತು, ಲೊವೆಲ್‌ನ ವಾದ ಮೂಲೆ ಸೇರಿತು. ಗೋಡೆಯ ಮಾತಿಗೆ ಮಾತ್ರ ಆ ಗತಿ ಬರಲಿಲ್ಲ.

ಈಗ ಲೆಕ್ಕ. ಚಂದ್ರ ಇಲ್ಲಿಂದ ಸುಮಾರು 3,84,000 ಕಿಲೋಮೀಟರ್ ದೂರ. ಆರೋಗ್ಯವಂತ ಕಣ್ಣು ಬಿಡಿಸಿ ನೋಡಬಲ್ಲ ಅತಿ ಸಣ್ಣ ಕೋನ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. ಆ ದೂರಕ್ಕೆ ಇದನ್ನು ಅನ್ವಯಿಸಿದರೆ, ಆಕಾರವೊಂದು ಆಕಾರವಾಗಿ ಕಾಣಲು ಅದು ಕನಿಷ್ಠ 110 ಕಿಲೋಮೀಟರ್ ಅಗಲ ಇರಬೇಕಾಗುತ್ತದೆ. ಗೋಡೆಯ ಅಗಲ ಚೆನ್ನಾಗಿ ಉಳಿದ ಕಡೆಗಳಲ್ಲಿ ಐದಾರು ಮೀಟರ್. ಚಂದ್ರನಿಂದ ಅದನ್ನು ಹುಡುಕುವುದೂ ಒಂದೇ, ನಾಲ್ಕು ಕಿಲೋಮೀಟರ್ ಆಚೆ ಬಿದ್ದಿರುವ ಒಂದು ತಲೆಗೂದಲನ್ನು ಇಲ್ಲಿಂದ ಹುಡುಕುವುದೂ ಒಂದೇ. ಆ ಕೂದಲು ಎಷ್ಟೇ ಉದ್ದವಿರಲಿ, ಅದರಿಂದ ಆಗುವ ಸಹಾಯ ಅಷ್ಟಕ್ಕಷ್ಟೆ. ನಂಬಿಕೆ ಮುಗ್ಗರಿಸಿದ್ದು ಇಲ್ಲೇ: ಅದು ಉದ್ದವನ್ನು ಅಳೆದು ಅಗಲವನ್ನು ಮರೆಯಿತು. ಉದ್ದವೇ ಲೆಕ್ಕವಾದರೆ ಜಗತ್ತಿನ ಹೆದ್ದಾರಿಗಳೆಲ್ಲ ಸಾಲಲ್ಲಿ ಮುಂದಿರಬೇಕಿತ್ತು. ಹತ್ತು ಪಥಗಳ ಬೆಂಗಳೂರು–ಮೈಸೂರು ಹೆದ್ದಾರಿ ಮಹಾಗೋಡೆಗಿಂತ ಐದಾರು ಪಟ್ಟು ಅಗಲ. ಅದು ಚಂದ್ರನಿಂದ ಕಾಣುತ್ತದೆಂದು ಇದುವರೆಗೆ ಯಾವ ರಾಜಕಾರಣಿಯೂ ಹೇಳಿಲ್ಲ ಎಂಬುದು ಆಶ್ಚರ್ಯ. ಅಪೋಲೋ 12ರಲ್ಲಿ ಹೋಗಿ ಚಂದ್ರನ ಮೇಲೆ ನಡೆದ ಅಲನ್ ಬೀನ್ ಹೇಳಿದ್ದು ಇಷ್ಟು: ಅಲ್ಲಿಂದ ಕಾಣುವುದು ಬಹುಪಾಲು ಬಿಳಿಯಾದ ಗೋಲ, ನಡುವೆ ಸಮುದ್ರದ ನೀಲಿ, ಮರುಭೂಮಿಯ ಹಳದಿ, ಅಪರೂಪಕ್ಕೊಮ್ಮೆ ಗಿಡಮರದ ಹಸಿರು. ಮನುಷ್ಯ ಮಾಡಿದ್ದೊಂದೂ ಆ ದೂರಕ್ಕೆ ಕಾಣದು.

ಸರಿ, ಚಂದ್ರ ಬೇಡ, ಬಾಹ್ಯಾಕಾಶ ಎನ್ನೋಣ ಎನ್ನುತ್ತಾರೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುತ್ತುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಇದು ಚಂದ್ರನ ದೂರದ ಸಾವಿರದಲ್ಲೊಂದು ಪಾಲು. ಇಲ್ಲಿ ಅದೇ ಲೆಕ್ಕ ಹಾಕಿದರೆ ಬರುವುದು 115 ಮೀಟರಿನ ಆಸುಪಾಸು. ಗೋಡೆ ಈಗಲೂ ಸೋಲುತ್ತದೆ, ಆದರೆ ಹಾಸ್ಯಾಸ್ಪದವಾಗಿ ಅಲ್ಲ. ಹಾಗಾಗಿ ಈ ಹಂತದಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಕಂಬದಿಂದ ಕಂಬಕ್ಕೆ ಎಳೆದ ಕರೆಂಟಿನ ತಂತಿ ಕಣ್ಣಿನ ಈ ಮಿತಿಗಿಂತ ಎಷ್ಟೋ ಸಪೂರವಾಗಿದ್ದರೂ ದೂರದಿಂದ ಕಾಣುತ್ತದಲ್ಲ? ನಿಜ. ಉದ್ದನೆಯ ನೇರ ಗೆರೆಯನ್ನು ಕಣ್ಣು ಚುಕ್ಕೆಗಿಂತ ಸುಲಭವಾಗಿ ಹಿಡಿಯುತ್ತದೆ, ಉದ್ದಕ್ಕೂ ಒಂದು ಬೆಲೆ ಸಿಗುವುದು ಇಲ್ಲಿ. ಆದರೆ ತಂತಿ ಕಾಣುವುದು ಅದು ಕಪ್ಪಾಗಿ, ಹಿಂದಿನ ಆಕಾಶ ಬೆಳ್ಳಗಿರುವುದರಿಂದ. ಅದೇ ತಂತಿಯ ಹಿಂದೆ ಮರಗಳ ತೋಪಿದ್ದರೆ ಹುಡುಕಿದರೂ ಸಿಗದು. ಮಹಾಗೋಡೆಯ ಸ್ಥಿತಿ ತೋಪಿನ ಮುಂದಿನ ತಂತಿಯದು. ಅದನ್ನು ಕಟ್ಟಿದ್ದು ಆಯಾ ಜಾಗದ ಕಲ್ಲಿನಿಂದ, ಬಯಲು ನಾಡಿನಲ್ಲಿ ಆಯಾ ಜಾಗದ ಮಣ್ಣನ್ನೇ ದಿಮ್ಮಿಸಿ. ಬಣ್ಣದಲ್ಲಿ ಗೋಡೆಗೂ ನೆಲಕ್ಕೂ ವ್ಯತ್ಯಾಸ ಕಡಿಮೆ. ಸಾಲದ್ದಕ್ಕೆ ಅದು ನೇರ ಗೆರೆಯೂ ಅಲ್ಲ, ಬೆಟ್ಟದ ನೆತ್ತಿ ಹೋದ ಕಡೆಗೆಲ್ಲ ಹೋಗುತ್ತದೆ, ಎಷ್ಟೋ ಕಡೆ ಕುಸಿದು ದಿಬ್ಬವಾಗಿದೆ. ಮರುಭೂಮಿಯ ನಡುವಿನ ಹೆದ್ದಾರಿ, ವಿಮಾನ ನಿಲ್ದಾಣದ ರನ್‌ವೇ ಇವು ಗಗನಯಾತ್ರಿಗಳ ಕಣ್ಣಿಗೆ ಬೀಳುವುದಕ್ಕೂ ಗೋಡೆ ಬೀಳದಿರುವುದಕ್ಕೂ ಬಣ್ಣದ ಈ ವ್ಯತ್ಯಾಸವೇ ಮುಖ್ಯ ಕಾರಣ.

ಪ್ರತ್ಯಕ್ಷ ಸಾಕ್ಷಿಗಳು ಏನೆನ್ನುತ್ತಾರೆ? ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೇ 2003ರ ಅಕ್ಟೋಬರ್ 15ರಂದು ಶೆಂಝೌ 5 ನೌಕೆಯಲ್ಲಿ ಹಾರಿ ಭೂಮಿಯನ್ನು 14 ಸುತ್ತು ಹಾಕಿ ಬಂದರು. ಇಡೀ ದೇಶ ಕೇಳಿದ ಪ್ರಶ್ನೆ ಇದೇ. ಗೋಡೆ ಕಾಣಲಿಲ್ಲ ಎಂದರು. ಸುಳ್ಳು ಹೇಳಿ ಚಪ್ಪಾಳೆ ಗಿಟ್ಟಿಸುವ ಅವಕಾಶ ಅವರಿಗಿದ್ದಷ್ಟು ಇನ್ನಾರಿಗೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಚೀನಾದ ಪ್ರಾಥಮಿಕ ಶಾಲೆಯ ಪಠ್ಯದಲ್ಲಿ ಗೋಡೆ ಕಾಣುತ್ತದೆಂಬ ಪಾಠವೇ ಇತ್ತು, ಅದನ್ನು ತಿದ್ದಬೇಕೆಂಬ ಕೂಗು ಅಲ್ಲೇ ಎದ್ದಿತು. ಕೆನಡಾದ ಕ್ರಿಸ್ ಹ್ಯಾಡ್‌ಫೀಲ್ಡ್ ಕೂಡ 2013ರಲ್ಲಿ ನಿಲ್ದಾಣದಲ್ಲಿದ್ದಾಗ, ಅದು ತೀರ ಕಿರಿದು, ನೆಲದ ಬಣ್ಣ ಮತ್ತು ಏರಿಳಿತದಲ್ಲೇ ಬೆರೆತು ಹೋಗುತ್ತದೆ ಎಂದು ಬರೆದರು. ಎದುರು ಸಾಕ್ಷಿಯೂ ಇದೆ. ಚಂದ್ರನ ಮೇಲೆ ನಡೆದು ಬಂದ ಯೂಜೀನ್ ಸರ್ನನ್, ಭೂಮಿಯಿಂದ 160ರಿಂದ 320 ಕಿಲೋಮೀಟರ್ ಎತ್ತರದ ಕಕ್ಷೆಯಿಂದ ಬರಿಗಣ್ಣಿಗೆ ಗೋಡೆ ಕಾಣುತ್ತದೆಂದು ಹೇಳಿದ್ದರು. ಅವರನ್ನು ಸುಳ್ಳುಗಾರ ಎನ್ನಬೇಕಿಲ್ಲ. ಎತ್ತರ ಕಡಿಮೆಯಿದ್ದು, ಹಿಮ ಬಿದ್ದಿದ್ದರೆ ಅಥವಾ ಇಳಿಬಿಸಿಲಿಗೆ ಗೋಡೆಯ ನೆರಳು ಅಗಲವಾಗಿ ಚಾಚಿದ್ದರೆ, ಎಲ್ಲಿ ನೋಡಬೇಕೆಂಬುದೂ ಮೊದಲೇ ಗೊತ್ತಿದ್ದರೆ ತುಂಡೊಂದು ಕಂಡೀತು. ಆದರೆ ಇನ್ನೊಂದು ಸಾಧ್ಯತೆಯನ್ನೂ ಬಿಡುವಂತಿಲ್ಲ: ಕಾಣಬೇಕೆಂದು ಹೊರಟ ಕಣ್ಣು ಸಿಕ್ಕಿದ್ದನ್ನೇ ಗೋಡೆ ಮಾಡಿಕೊಳ್ಳುತ್ತದೆ. ಅಮೆರಿಕದ ಸ್ಕೈಲ್ಯಾಬ್ ನಿಲ್ದಾಣದಲ್ಲಿದ್ದ ವಿಲಿಯಂ ಪೋಗ್ ಗೋಡೆಯೆಂದು ಮೊದಲು ಭಾವಿಸಿದ್ದು ಬೀಜಿಂಗ್ ಹತ್ತಿರದ ಮಹಾಕಾಲುವೆಯನ್ನು. 2004ರ ಮೇ ತಿಂಗಳಲ್ಲಂತೂ ಯುರೋಪಿನ ಬಾಹ್ಯಾಕಾಶ ಸಂಸ್ಥೆಯೇ ಪ್ರೋಬಾ ಉಪಗ್ರಹದ ಚಿತ್ರವೊಂದನ್ನು ಹೊರಡಿಸಿ, ನೋಡಿ ಗೋಡೆ, ಎಂದಿತು. ಕೆಲವೇ ದಿನಗಳಲ್ಲಿ ತಿದ್ದುಪಡಿ ಬಂತು: ಅದು ಗೋಡೆಯಲ್ಲ, ನದಿ. ಬಾಹ್ಯಾಕಾಶವೇ ಕಸುಬಾದವರಿಗೆ, ಉಪಗ್ರಹದ ಚಿತ್ರವನ್ನು ಮೇಜಿನ ಮೇಲೆ ಹರಡಿಕೊಂಡಾಗ ಆದ ಪಾಡು ಇದು.

ಕೊನೆಯ ಆಸರೆ ಕ್ಯಾಮೆರಾ. 2004ರ ನವೆಂಬರ್ 24ರಂದು ನಿಲ್ದಾಣದ ಕಮಾಂಡರ್ ಲಿರಾಯ್ ಚಿಯಾವ್ 180 ಮಿಲಿಮೀಟರ್ ಲೆನ್ಸ್ ಹಾಕಿ ಒಳ ಮಂಗೋಲಿಯಾದ ಚಿತ್ರ ತೆಗೆದರು. ಅದರಲ್ಲಿ ಗೋಡೆಯ ತುಂಡುಗಳನ್ನು ತಜ್ಞರು ಗುರುತಿಸಿದರು. ತಾನು ಕಂಡದ್ದು ಗೋಡೆಯೇ ಎಂಬ ಖಾತರಿ ಚಿತ್ರ ತೆಗೆದವರಿಗೇ ಇರಲಿಲ್ಲ. 1994ರಲ್ಲಿ ಎಂಡೆವರ್ ಷಟಲ್ ಹೊತ್ತೊಯ್ದಿದ್ದ ರೇಡಾರ್ ಬೀಜಿಂಗ್‌ನಿಂದ 700 ಕಿಲೋಮೀಟರ್ ಪಶ್ಚಿಮದ ಮರುಭೂಮಿಯಲ್ಲಿ ಗೋಡೆಯನ್ನು ಚೆನ್ನಾಗಿಯೇ ಹಿಡಿಯಿತು, ಪಕ್ಕದಲ್ಲೇ ಇದ್ದ ಇನ್ನೂ ಹಳೆಯ ಗೋಡೆಯ ಅವಶೇಷವನ್ನೂ ತೋರಿಸಿತು. ಇತಿಹಾಸಕಾರರಿಗೆ ಇದು ಬಹಳ ಉಪಯುಕ್ತ. ಆದರೆ ಯಂತ್ರದ ಕಣ್ಣನ್ನು ಲೆಕ್ಕಕ್ಕೆ ತೆಗೆದುಕೊಂಡ ಕೂಡಲೇ ‘ಏಕೈಕ’ ಎಂಬ ಬಿರುದು ಬಿದ್ದುಹೋಗುತ್ತದೆ. ಇವತ್ತಿನ ಉಪಗ್ರಹಗಳಿಗೆ ನಮ್ಮ ಮನೆಯ ತಾರಸಿಯೂ ಅದರ ಮೇಲಿನ ನೀರಿನ ಟ್ಯಾಂಕೂ ಕಾಣುತ್ತವೆ.

ಬರಿಗಣ್ಣಿಗೇ ಬಂದರೂ ಆ ಬಿರುದು ನಿಲ್ಲುವುದಿಲ್ಲ. ಸ್ಪೇನಿನ ಅಲ್ಮೇರಿಯಾದಲ್ಲಿ ಸಾವಿರಾರು ಹೆಕ್ಟೇರ್ ಪ್ಲಾಸ್ಟಿಕ್ ಹಸಿರುಮನೆಗಳು ಬಿಳಿ ಮಚ್ಚೆಯಂತೆ ಕಾಣುತ್ತವೆ, ದುಬೈ ಕಡಲಲ್ಲಿ ಮರಳು ಸುರಿದು ಮಾಡಿದ ತಾಳೆಗರಿಯ ದ್ವೀಪ ಕಾಣುತ್ತದೆ. ರಾತ್ರಿಯಾದರಂತೂ ಊರುಗಳೆಲ್ಲ ಹೊಳೆಯುತ್ತವೆ. ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ 2025ರ ಜೂನ್‌ನಲ್ಲಿ ನಿಲ್ದಾಣದಿಂದ ಪ್ರಧಾನಿಯ ಜೊತೆ ಮಾತಾಡುವಾಗ, ಹೊರಗಿನಿಂದ ನೋಡಿದರೆ ಭೂಮಿಯ ಮೇಲೆ ಯಾವ ಗಡಿರೇಖೆಯೂ ಕಾಣುವುದಿಲ್ಲ ಎಂದರು. ಹಗಲಿನ ಮಟ್ಟಿಗೆ ಅದು ನಿಜ. ರಾತ್ರಿ ಒಂದು ಗಡಿ ಎದ್ದು ಕಾಣುತ್ತದೆ, ಅದೂ ನಮ್ಮದೇ. ಭಾರತ ಮತ್ತು ಪಾಕಿಸ್ತಾನದ ನಡುವಿನ ಬೇಲಿಗೆ ಹಾಕಿದ ದೀಪಗಳ ಸಾಲನ್ನು ನಿಲ್ದಾಣದಿಂದ 2011ರಲ್ಲೂ 2015ರಲ್ಲೂ ಚಿತ್ರ ತೆಗೆದಿದ್ದಾರೆ. ಕತ್ತಲ ನಡುವೆ ಕಿತ್ತಳೆ ಬಣ್ಣದ ಗೆರೆ. ನೂರಾರು ವರ್ಷ ಕಟ್ಟಿದ ಕಲ್ಲಿನ ಗೋಡೆಗೆ ಆಗದ್ದನ್ನು ತಂತಿಬೇಲಿಯ ದೀಪಗಳು ಮಾಡಿವೆ, ಏಕೆಂದರೆ ಅವುಗಳಿಗೆ ಗೋಡೆಗಿಲ್ಲದ ಹಿನ್ನೆಲೆಯಿದೆ.

ಬೆಳಕಿನ ಮಾತು ಬಂದಾಗ ನಮ್ಮ ದೀಪಾವಳಿ ಚಿತ್ರವನ್ನು ಬಿಡುವುದು ಹೇಗೆ? ಕೆಂಪು, ಹಸಿರು, ನೀಲಿ ಚುಕ್ಕೆಗಳಿಂದ ಮಿನುಗುವ ಭಾರತ, ಹಬ್ಬದ ರಾತ್ರಿ ನಾಸಾ ತೆಗೆದದ್ದು ಎಂಬ ಒಕ್ಕಣೆಯೊಡನೆ ಪ್ರತಿ ವರ್ಷ ಫೋನಿನಿಂದ ಫೋನಿಗೆ ಹಾಯುತ್ತದೆ. ಅದು ಅಮೆರಿಕದ ಹವಾಮಾನ ಸಂಸ್ಥೆ ನೋವಾದ ವಿಜ್ಞಾನಿಯೊಬ್ಬರು 2003ರಲ್ಲಿ ಸೇರಿಸಿ ಮಾಡಿದ ನಕ್ಷೆ. ಊರುಗಳು ಹೇಗೆ ಬೆಳೆದವೆಂದು ತೋರಿಸಲು ಬೇರೆ ಬೇರೆ ವರ್ಷಗಳ ಬೆಳಕಿಗೆ ಬೇರೆ ಬೇರೆ ಬಣ್ಣ ಕೊಟ್ಟಿದ್ದರು. 2012ರ ದೀಪಾವಳಿಯ ಹೊತ್ತಿಗೆ ನಾಸಾ ನವೆಂಬರ್ 12ರ ರಾತ್ರಿಯ ನಿಜವಾದ ಚಿತ್ರವನ್ನೇ ಪ್ರಕಟಿಸಿ, ಹಬ್ಬದಿಂದ ಹೆಚ್ಚಾಗುವ ಬೆಳಕು ಮೇಲಿನಿಂದ ಬಹುಶಃ ಗೊತ್ತೇ ಆಗದಷ್ಟು ಕಡಿಮೆ ಎಂದು ವಿವರಿಸಿತು. ನಿಜವಾದ ಚಿತ್ರ ಕಪ್ಪು ಬಿಳುಪು. ಅದನ್ನು ಯಾರೂ ಯಾರಿಗೂ ಕಳಿಸಿದಂತಿಲ್ಲ.

ಯಾರಿಗೂ ಕೇಡಿಲ್ಲದ ನಂಬಿಕೆ, ಇದ್ದರೆ ಇರಲಿ, ಅದರ ಮೋಜನ್ನೇಕೆ ಕೆಡಿಸುತ್ತೀರಿ ಎಂದು ಕೇಳುವವರಿದ್ದಾರೆ. ಕೇಡು ಆಗಿರುವುದು ಗೋಡೆಗೇ. ಚಂದ್ರನಿಂದ ಕಾಣುತ್ತದೆಂಬ ಒಂದೇ ಮಾತಿನಲ್ಲಿ ಅದರ ಪರಿಚಯ ಮುಗಿದುಹೋಗುವುದರಿಂದ, ಅದು ಒಂದು ಗೋಡೆಯಲ್ಲ, ಅನೇಕ ರಾಜವಂಶಗಳು ಬೇರೆ ಬೇರೆ ಕಾಲದಲ್ಲಿ ಕಟ್ಟಿದ ಗೋಡೆ, ಕಂದಕ, ಕಾವಲು ಗೋಪುರಗಳ ಸಮೂಹ ಎಂಬುದು ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಬೆಟ್ಟದ ನೆತ್ತಿಯನ್ನು ಬಿಡದೆ ಹಿಡಿದು ಹೋಗಿರುವುದು ಕಟ್ಟಿದವರ ಯುದ್ಧಜಾಣ್ಮೆ. ಮೇಲಿನಿಂದ ನೆಲದಲ್ಲಿ ಕರಗಿ ಹೋಗುವುದಕ್ಕೂ ಅದೇ ಒಂದು ಕಾರಣ. ಅದರ ಉದ್ದ ಎಷ್ಟೆಂದು ತಿಳಿಯಲು ಚೀನಾ ಸರ್ಕಾರ ಉಪಗ್ರಹವನ್ನಷ್ಟೇ ನಂಬಿ ಕೂರಲಿಲ್ಲ. 2007ರಿಂದ ಪ್ರಾಂತ್ಯ ಪ್ರಾಂತ್ಯಗಳಲ್ಲಿ ತಂಡಗಳು ಅಳತೆಯ ಸಲಕರಣೆ ಹೊತ್ತು ನಡೆದವು. ಮಿಂಗ್ ಕಾಲದ ಗೋಡೆ ಸುಮಾರು 8,850 ಕಿಲೋಮೀಟರ್ ಎಂದು 2009ರಲ್ಲೂ, ಎಲ್ಲ ಕಾಲದ್ದೂ ಸೇರಿ 21,196 ಕಿಲೋಮೀಟರ್ ಎಂದು 2012ರಲ್ಲೂ ಪ್ರಕಟಿಸಿದರು. ಮರಳು ಮುಚ್ಚಿದ, ಗುಡ್ಡಗಳ ಮರೆಯಲ್ಲಿ ಅಡಗಿದ್ದ ತುಂಡುಗಳು ಸಿಕ್ಕಿದ್ದು ಆ ನಡಿಗೆಯಲ್ಲಿ. ಅಲ್ಲಿಯವರೆಗೆ ಅವು ಇವೆಯೆಂದು ಸರಿಯಾಗಿ ಗುರುತಾಗಿರಲಿಲ್ಲ, ಭೂಪಟ ಬರೆಯುವವರಿಗೂ.